ರೋಸಾ ಕೆನೈನಾ: ನಾಯಿಯ ಹೆಸರಿನ ಗುಲಾಬಿ

ಲ್ಯಾಟಿನ್ನಿನ ‘ಕೆನೈನಾ’ ಎಂದರೆ ನಾಯಿಗೆ ಸಂಬಂಧಿಸಿದ್ದು. ಯುರೋಪಿನ ಬೇಲಿಸಾಲುಗಳಲ್ಲಿ, ಕಾಡಂಚುಗಳಲ್ಲಿ ತಾನಾಗಿ ಬೆಳೆಯುವ ಕಾಡುಗುಲಾಬಿಯೊಂದಕ್ಕೆ ಈ ಹೆಸರು ಏಕೆ ಬಂತು? ಹುಚ್ಚುನಾಯಿ ಕಚ್ಚಿದವರಿಗೆ ಇದರ ಬೇರೇ ಮದ್ದು ಎಂಬ ನಂಬಿಕೆಯನ್ನು ರೋಮಿನ ಪ್ಲಿನಿ ಒಂದನೇ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ಮದ್ದು ಸುಳ್ಳು, ಹೆಸರು ಮಾತ್ರ ಗಟ್ಟಿಯಾಗಿ ನಿಂತಿತು. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಅದಕ್ಕೇ ಶಾಸ್ತ್ರದ ಮುದ್ರೆ ಒತ್ತಿದ.

ಬಾಗಿದ ಮುಳ್ಳುಗಳ ಪೊದೆ. ಒಂದೊಂದು ಎಲೆಯಲ್ಲಿ 5ರಿಂದ 7 ಕಿರುಎಲೆ. ತಿಳಿಗೆಂಪು ಅಥವಾ ಬಿಳಿ ಹೂವಿಗೆ ಐದೇ ದಳ. ದಳಗಳ ಕೆಳಗಿನ ಐದು ಪುಷ್ಪಪತ್ರಗಳನ್ನು ತಪ್ಪದೆ ನೋಡಬೇಕು: ಎರಡಕ್ಕೆ ಎರಡೂ ಅಂಚಿನಲ್ಲಿ ಕುಚ್ಚು, ಎರಡಕ್ಕೆ ಇಲ್ಲವೇ ಇಲ್ಲ, ಉಳಿದೊಂದಕ್ಕೆ ಒಂದೇ ಬದಿಯಲ್ಲಿ!

ಒಳಗಿನ ಲೆಕ್ಕ ಇನ್ನೂ ಸೋಜಿಗದ್ದು. ಇದರ ಜೀವಕೋಶದಲ್ಲಿ 35 ವರ್ಣತಂತುಗಳಿವೆ. ಬೆಸಸಂಖ್ಯೆ ಸಮಪಾಲಾಗದು, ಇಂಥ ಸಸ್ಯಗಳು ಸಾಮಾನ್ಯವಾಗಿ ಬೀಜ ಕಟ್ಟಲು ಸೋಲುತ್ತವೆ. ಇದು ಪರಾಗಕ್ಕೆ 7, ಅಂಡಕ್ಕೆ 28 ಎಂದು ಹಂಚಿ, ಎರಡೂ ಸೇರಿದಾಗ ಮತ್ತೆ 35 ಮಾಡಿಕೊಳ್ಳುತ್ತದೆ. ಹಾಗಾಗಿ ಸಂತಾನದಲ್ಲಿ ತಾಯಿಯ ಪಾಲೇ ದೊಡ್ಡದು.

ಕೆಂಪು ಕಾಯಿಗಳಲ್ಲಿ ಸಿ ಜೀವಸತ್ವ ಹೇರಳ. ಎರಡನೇ ಮಹಾಯುದ್ಧದಲ್ಲಿ ಕಿತ್ತಳೆ ಸಿಗದಾದಾಗ ಬ್ರಿಟನ್ನಿನ ಜನ ಕಾಡುಗುಲಾಬಿಯ ಕಾಯಿಗಳನ್ನು ಆರಿಸಿ ತಂದು, ಮಕ್ಕಳಿಗಾಗಿ ಪಾನಕ ಮಾಡಿಸಿದರು.