ಬುನಾದಿ ವರ್ಷ: ಮೈಸೂರು ಸೀಮೆಯ ಕಲಾಶಿಕ್ಷಣದ ಮೊದಲ ಮೆಟ್ಟಿಲು

ದೃಶ್ಯಕಲಾ ಪದವಿಯ ಮೊದಲ ವರ್ಷಕ್ಕೆ ಕಲಾಶಾಲೆಗಳಲ್ಲಿ ಬುನಾದಿ ವರ್ಷ ಅಥವಾ ಫೌಂಡೇಶನ್ ಎಂಬ ಹೆಸರಿದೆ. ಚಿತ್ರಕಲೆ, ಶಿಲ್ಪ, ಗ್ರಾಫಿಕ್ಸ್, ಅನ್ವಯಿಕ ಕಲೆ ಇವುಗಳಲ್ಲಿ ಯಾವುದನ್ನೂ ಇನ್ನೂ ಆರಿಸಿಕೊಳ್ಳದ ವಿದ್ಯಾರ್ಥಿ ರೇಖೆ, ವರ್ಣ, ಆಕಾರ ಮತ್ತು ಮಾಧ್ಯಮಗಳ ಪರಿಚಯ ಮಾಡಿಕೊಳ್ಳುವ ಕಾಲ ಅದು. ಈ ಕಾಲವನ್ನು ಮೊಟಕುಗೊಳಿಸಬಹುದೇ ಎಂಬ ಪ್ರಶ್ನೆಗೆ ಈಚೆಗೆ ಹೊಸ ಬಲ ಬಂದಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2024ರ ನವೆಂಬರಿನಲ್ಲಿ ಒಪ್ಪಿದ ವೇಗವರ್ಧಿತ ಪದವಿಯ ವ್ಯವಸ್ಥೆಯಲ್ಲಿ, ಸೆಮಿಸ್ಟರಿಗೆ ಹೆಚ್ಚು ಕ್ರೆಡಿಟ್ ಗಳಿಸುವ ವಿದ್ಯಾರ್ಥಿ ನಿಗದಿತ ಅವಧಿಗೆ ಮೊದಲೇ ಪದವಿ ಮುಗಿಸಲು ಅವಕಾಶವಿದೆ. ಮೈಸೂರು ಸೀಮೆಯಲ್ಲಿ, ವಿಶೇಷವಾಗಿ ಪಿರಿಯಾಪಟ್ಟಣ, ಹುಣಸೂರು, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಂಥ ತಾಲ್ಲೂಕುಗಳ ಪಾಲಿಗೆ, ಈ ಪ್ರಶ್ನೆಯ ಅರ್ಥ ತಿಳಿಯಬೇಕಾದರೆ ಆ ಮೊದಲ ವರ್ಷ ಹೇಗೆ ರೂಪುಗೊಂಡಿತು ಎಂಬುದನ್ನು ನೋಡಬೇಕು.

ಕಲಾಶಾಲೆಗಳು ಬರುವ ಮೊದಲು ಈ ಸೀಮೆಯಲ್ಲಿ ಕಲಿಕೆಯ ಆರಂಭಕ್ಕೆ ಗಡುವೆಂಬುದು ಇರಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಬೆಳೆದ ಮೈಸೂರು ಶೈಲಿಯ ಚಿತ್ರಕಾರರ ಮನೆಗಳಲ್ಲಿ ಹುಡುಗರು ಮೊದಲು ಕಲಿಯುತ್ತಿದ್ದುದು ಪರಿಕರಗಳನ್ನು ಸಿದ್ಧಮಾಡುವುದನ್ನು. ನೆಟ್ಟಗಿರುವ ಹುಣಸೆ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿ ಸುಟ್ಟು ಇದ್ದಿಲಾಗಿಸಿ ಅದರಿಂದ ರೇಖೆ ಬರೆಯುವುದು, ಅಳಿಲಿನ ಕೂದಲಿನಿಂದ ಕುಂಚ ಕಟ್ಟುವುದು, ಹಲಗೆಗೆ ಅಂಟಿಸಿದ ಕಾಗದವನ್ನು ಉಜ್ಜಿ ನಯಗೊಳಿಸುವುದು, ಚಿನ್ನದ ರೇಕು ಕೂರಿಸಲು ಉಬ್ಬುಲೇಪನ ಹಾಕುವುದು ಎಲ್ಲವೂ ಕೈಗೆ ಹತ್ತಿದ ಮೇಲಷ್ಟೇ ದೇವತೆಯ ಮುಖಕ್ಕೆ ಬಣ್ಣ ತುಂಬುವ ಅಧಿಕಾರ ದೊರೆಯುತ್ತಿತ್ತು. ಇದರೊಡನೆ ತಾಲಮಾನ, ಅಂದರೆ ಮುಖದ ಉದ್ದವನ್ನೇ ಅಳತೆಗೋಲಾಗಿಟ್ಟುಕೊಂಡು ಇಡೀ ದೇಹದ ಪ್ರಮಾಣ ನಿರ್ಧರಿಸುವ ಶಾಸ್ತ್ರವನ್ನೂ ರೂಢಿಸಿಕೊಳ್ಳಬೇಕಿತ್ತು.

ಇಂಥ ಕ್ರಮದ ಹತ್ತಿರದ ಸಂಬಂಧಿಯೊಂದನ್ನು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಇಂದಿಗೂ ಕಾಣಬಹುದು. 1961ರಲ್ಲಿ ಟಿಬೆಟನ್ನರ ವಸತಿ ಆರಂಭವಾದ ಮೇಲೆ, 1963ರಲ್ಲಿ ನೆಲೆಗೊಂಡ ನಾಮ್‌ಡ್ರೋಲಿಂಗ್ ವಿಹಾರ ಮತ್ತು 1999ರಲ್ಲಿ ಸಿದ್ಧವಾದ ಅದರ ಸ್ವರ್ಣಮಂದಿರದ ಗೋಡೆಗಳ ಮೇಲೆ ಟಿಬೆಟನ್ ಚಿತ್ರಪರಂಪರೆ ಬಂದು ನಿಂತಿತು. ಥಾಂಕಾ ಎಂದು ಕರೆಯುವ ಬಟ್ಟೆಯ ಮೇಲಿನ ಬೌದ್ಧ ಚಿತ್ರಗಳ ಸಂಪ್ರದಾಯದಲ್ಲಿ ಶಿಷ್ಯನು ಬಣ್ಣ ಮುಟ್ಟುವ ಮೊದಲು, ಚೌಕಳಿಗಳ ಲೆಕ್ಕದಲ್ಲಿ ಬುದ್ಧನ ಮುಖವನ್ನೂ ದೇಹವನ್ನೂ ಮತ್ತೆ ಮತ್ತೆ ಬರೆದು ಅಳತೆಯನ್ನು ಕಣ್ಣಿಗೆ ಇಳಿಸಿಕೊಳ್ಳಬೇಕು. ಅಳತೆ ಸ್ವಭಾವವಾಗುವವರೆಗೆ ಮುಂದಿನ ಹಂತವಿಲ್ಲ.

ವಸಾಹತು ಆಡಳಿತದ ಕಲಾಶಾಲೆಗಳು ಬೇರೆ ಉದ್ದೇಶದಿಂದ ಹುಟ್ಟಿದವು. 1850ರಲ್ಲಿ ಮದರಾಸಿನಲ್ಲಿ, 1854ರಲ್ಲಿ ಕಲ್ಕತ್ತೆಯಲ್ಲಿ, 1857ರಲ್ಲಿ ಮುಂಬಯಿಯಲ್ಲಿ ಆರಂಭವಾದ ಶಾಲೆಗಳು ಲಂಡನ್ನಿನ ಸೌತ್ ಕೆನ್ಸಿಂಗ್‌ಟನ್ ಪಠ್ಯಕ್ರಮವನ್ನು ಅನುಸರಿಸಿ, ಮುದ್ರಿತ ನಮೂನೆಗಳ ನಕಲು, ಜ್ಯಾಮಿತಿ, ಪ್ಲಾಸ್ಟರ್ ಪ್ರತಿಮೆಗಳ ರೇಖನ ಎಂಬ ಮೆಟ್ಟಿಲುಗಳನ್ನು ಕಟ್ಟಿದವು. ಮೈಸೂರಿನಲ್ಲಿ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಕಟ್ಟಡಕ್ಕೆ 1906ರಲ್ಲಿ, ಮುಂದೆ ಐದನೆಯ ಜಾರ್ಜ್ ದೊರೆಯಾದ ವೇಲ್ಸ್ ರಾಜಕುಮಾರನು ಅಡಿಗಲ್ಲು ಹಾಕಿದಾಗ ಅಲ್ಲಿನ ಗುರಿ ಮುಖ್ಯವಾಗಿ ಕುಶಲಕರ್ಮಿಗಳ ತರಬೇತಿಯಾಗಿತ್ತು. ಕೆ.ಕೆ. ಹೆಬ್ಬಾರರು ಮುಂಬಯಿಯ ಜೆ.ಜೆ. ಕಲಾಶಾಲೆಗೆ ಹೋಗುವ ಮೊದಲು ಕಲಿತದ್ದು ಇದೇ ಸಂಸ್ಥೆಯಲ್ಲಿ. ಅವರಿಗಿಂತ ಹಿಂದಿನ ಕೆ. ವೆಂಕಟಪ್ಪನವರ ಉದಾಹರಣೆ ಈ ಚರ್ಚೆಗೆ ಇನ್ನೂ ಹತ್ತಿರದ್ದು. ಅರಮನೆಯ ಚಿತ್ರಗಾರರ ಮನೆಯಲ್ಲಿ ಬೆಳೆದು ಕೈ ಪಳಗಿಸಿಕೊಂಡಿದ್ದ ಅವರನ್ನು ನಾಲ್ವಡಿ ಕೃಷ್ಣರಾಜ ಒಡೆಯರು ಕಲ್ಕತ್ತೆಗೆ ಕಳುಹಿಸಿದಾಗ, ಅವನೀಂದ್ರನಾಥ ಠಾಕೂರರ ಬಳಿ ಅವರು ಹಲವು ವರ್ಷ ಶಿಷ್ಯವೃತ್ತಿಯಲ್ಲೇ ಉಳಿದರು. ಮೊದಲೇ ಬಲ್ಲವನಿಗೂ ಹೊಸ ಕಣ್ಣು ಮೂಡಲು ಕಾಲ ಬೇಕಾಗುತ್ತದೆ ಎಂಬುದಕ್ಕೆ ಈ ಸೀಮೆಯಲ್ಲಿ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಿಲ್ಲ.

ಇಂದಿನ ಬುನಾದಿ ವರ್ಷದ ನೇರ ಮೂಲ ಜರ್ಮನಿಯ ಬೌಹೌಸ್ ಶಾಲೆ. 1919ರಲ್ಲಿ ವೈಮರ್ ನಗರದಲ್ಲಿ ಆರಂಭವಾದ ಆ ಶಾಲೆಯಲ್ಲಿ ಯೊಹಾನೆಸ್ ಇಟ್ಟೆನ್ ರೂಪಿಸಿದ ಆರು ತಿಂಗಳ ಪೂರ್ವಪಾಠವು, ನಕಲು ಮಾಡುವುದನ್ನು ಬಿಟ್ಟು ವಸ್ತುಗಳ ಗುಣವನ್ನು ಮುಟ್ಟಿ ತಿಳಿಯುವುದನ್ನು ಮುಂದಿಟ್ಟಿತು. ಬ್ರಿಟನ್ನಿನಲ್ಲಿ 1960ರ ಕೋಲ್ಡ್‌ಸ್ಟ್ರೀಮ್ ವರದಿಯು ಡಿಪ್ಲೊಮಾಕ್ಕೆ ಮುಂಚೆ ಸಿದ್ಧತೆಯ ಕಲಿಕೆ ಇರಬೇಕೆಂದು ಶಿಫಾರಸು ಮಾಡಿತು. ಭಾರತದಲ್ಲಿ ಬರೋಡದ ಲಲಿತಕಲಾ ವಿಭಾಗ 1950ರಲ್ಲಿ ವಿಶ್ವವಿದ್ಯಾಲಯದ ಪದವಿಗೆ ದಾರಿ ಮಾಡಿತು. 1980ರ ದಶಕದ ಆರಂಭದಲ್ಲಿ, ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಅವರ ಸಲಹೆಯಂತೆ, ಜೆ.ಜೆ. ಶಾಲೆಯನ್ನು ಮಾದರಿಯಾಗಿಟ್ಟುಕೊಂಡು ಮೈಸೂರಿನ ಹಳೆಯ ತಾಂತ್ರಿಕ ಸಂಸ್ಥೆಯು ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಾಗಿ ಮರುರೂಪ ಪಡೆಯಿತು. ಇಲ್ಲಿಂದಾಚೆಗೆ ತಾಲ್ಲೂಕಿನ ಮಕ್ಕಳಿಗೆ ಕಲಾಪದವಿಯೆಂಬುದು ಬೆಂಗಳೂರನ್ನೋ ಮುಂಬಯಿಯನ್ನೋ ನೆಚ್ಚಬೇಕಾದ ದೂರದ ಮಾತಾಗಿ ಉಳಿಯಲಿಲ್ಲ.

ಪಿರಿಯಾಪಟ್ಟಣದಿಂದ ಮೈಸೂರಿಗೆ ಸುಮಾರು 70 ಕಿಲೋಮೀಟರ್ ದಾರಿ. ಆ ದಾರಿ ಹಿಡಿಯುವ ವಿದ್ಯಾರ್ಥಿ ಸಾಮಾನ್ಯವಾಗಿ ತರುವ ಪೂರ್ವಸಿದ್ಧತೆ ಎಂದರೆ ಪ್ರೌಢಶಾಲೆಯ ಡ್ರಾಯಿಂಗ್ ಮೇಷ್ಟರ ಪಾಠ ಮತ್ತು ಡ್ರಾಯಿಂಗ್ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗಳ ಪ್ರಮಾಣಪತ್ರ. ವಸ್ತುಚಿತ್ರ, ಪ್ರಕೃತಿಚಿತ್ರ, ವಿನ್ಯಾಸ, ಜ್ಯಾಮಿತಿ ಎಂಬ ಈ ಪರೀಕ್ಷೆಗಳ ವಿಷಯಗಳಲ್ಲಿ ಹಳೆಯ ಸೌತ್ ಕೆನ್ಸಿಂಗ್‌ಟನ್ ಕ್ರಮದ ನೆರಳು ಈಗಲೂ ಕಾಣುತ್ತದೆ. ಮೇಷ್ಟರೇ ಇಲ್ಲದ ಶಾಲೆಯಿಂದ ಬಂದವರಿಗೆ ಅಷ್ಟೂ ಇರುವುದಿಲ್ಲ. ನಗರದ ಖಾಸಗಿ ತರಗತಿಗಳಲ್ಲಿ ಬಾಲ್ಯದಿಂದ ಕಲಿತವರ ಜೊತೆ ಇಂಥವರು ಒಂದೇ ಸಾಲಿನಲ್ಲಿ ನಿಲ್ಲುವಂತೆ ಮಾಡುವುದು ಬುನಾದಿ ವರ್ಷವೊಂದೇ.

ವೇಗದ ಪದವಿಯ ನಿಯಮವನ್ನು ಈ ಬೆಳಕಿನಲ್ಲಿ ಓದಿದರೆ ಎರಡು ಸಂಗತಿ ಸ್ಪಷ್ಟವಾಗುತ್ತವೆ. ಈ ಅವಕಾಶ ಮಂಜೂರಾದ ಸೀಟುಗಳ ಶೇಕಡ 10ರಷ್ಟು ಮಂದಿಗೆ ಮಾತ್ರ ಇದ್ದು, ಆಯ್ಕೆ ನಡೆಯುವುದು ಮೊದಲ ಅಥವಾ ಎರಡನೆಯ ಸೆಮಿಸ್ಟರಿನ ಕೊನೆಗೆ. ಆದ್ದರಿಂದ ಆರಂಭದ ಹಂತವನ್ನು ಪೂರ್ತಿಯಾಗಿ ಹಾರಿಹೋಗಲು ನಿಯಮವೇ ಬಿಡುವುದಿಲ್ಲ. ಎರಡನೆಯದಾಗಿ, ಪ್ರಾಯೋಗಿಕ ಕಲಿಕೆಯಲ್ಲಿ ಒಂದು ಕ್ರೆಡಿಟ್ ಎಂದರೆ ಸೆಮಿಸ್ಟರಿಗೆ 30 ಗಂಟೆಗಳ ಕೆಲಸವಾದ್ದರಿಂದ, ವರ್ಷಗಳು ಕಡಿಮೆಯಾದರೂ ಸ್ಟುಡಿಯೊದಲ್ಲಿ ಕಳೆಯಬೇಕಾದ ಗಂಟೆಗಳು ಕಡಿಮೆಯಾಗುವುದಿಲ್ಲ, ವಾರಕ್ಕೆ ಹೆಚ್ಚೇ ಆಗುತ್ತವೆ. ಕೊನೆಯ ಬಸ್ಸಿಗೆ ಊರು ಸೇರಬೇಕಾದ ವಿದ್ಯಾರ್ಥಿಗೆ ಆ ಹೆಚ್ಚಿನ ಗಂಟೆಗಳನ್ನು ಹೊಂದಿಸುವುದು ಹಾಸ್ಟೆಲಿನಲ್ಲೋ ನಗರದ ಮನೆಯಲ್ಲೋ ಇರುವವನಿಗಿಂತ ಬಹಳ ಕಷ್ಟ. ಹೀಗೆ, ಪ್ರತಿಭೆಗೆಂದು ತೆರೆದ ಬಾಗಿಲು ಅನುಕೂಲಸ್ಥರಿಗೆ ಮಾತ್ರ ದಕ್ಕುವ ಅಪಾಯವಿದೆ.

ಹೈಯರ್ ಗ್ರೇಡ್ ಪ್ರಮಾಣಪತ್ರವನ್ನೂ, ಶಿಲ್ಪಿಗಳ, ಚಿತ್ರಕಾರರ ಮನೆಯಲ್ಲಿ ಅಥವಾ ವಿಹಾರದಲ್ಲಿ ಪಡೆದ ಕಲಿಕೆಯನ್ನೂ ಪರೀಕ್ಷಿಸಿ ಕ್ರೆಡಿಟ್ ಆಗಿ ಎಣಿಸುವುದು ನ್ಯಾಯವಾದ ಕ್ರಮ; ಆದರೆ ಆ ವಿನಾಯಿತಿಯಿಂದ ಉಳಿದ ಸಮಯ ಮಾದರಿಯ ಮುಂದೆ ಕೂತು ನೋಡಿ ಬರೆಯುವ ಅಭ್ಯಾಸಕ್ಕೇ ಸಲ್ಲಬೇಕು. ಅದಕ್ಕೂ ಮೊದಲು, ಈ ನಾಲ್ಕು ತಾಲ್ಲೂಕುಗಳಲ್ಲಿ ಡ್ರಾಯಿಂಗ್ ಶಿಕ್ಷಕರಿಲ್ಲದ ಪ್ರತಿಯೊಂದು ಸರ್ಕಾರಿ ಪ್ರೌಢಶಾಲೆಗೂ ಒಬ್ಬರನ್ನು ನೇಮಿಸುವುದು ಸರ್ಕಾರದ ಮೊದಲ ಕೆಲಸವಾಗಲಿ.