ನಾರ್ಮಾಳ ಮೈಯಳತೆ

1945ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ‘ಪ್ಲೇನ್ ಡೀಲರ್’ ಪತ್ರಿಕೆ ಹೆಂಗಸರಿಗಾಗಿ ಒಂದು ಸ್ಪರ್ಧೆ ಇಟ್ಟಿತು. ಊರಿನ ಆರೋಗ್ಯ ಮ್ಯೂಸಿಯಂನಲ್ಲಿ ನಾರ್ಮಾ ಎಂಬ ಹೆಣ್ಣಿನ ಪ್ರತಿಮೆಯಿತ್ತು. ಎತ್ತರ, ತೂಕ, ಎದೆ, ಸೊಂಟದಿಂದ ಪಾದದವರೆಗೆ ಒಟ್ಟು ಒಂಬತ್ತು ಅಳತೆಗಳಲ್ಲಿ ಯಾರು ಅವಳನ್ನು ಹೋಲುತ್ತಾರೋ ಅವರಿಗೆ ಬಹುಮಾನ.

ಸ್ತ್ರೀರೋಗ ತಜ್ಞ ರಾಬರ್ಟ್ ಡಿಕಿನ್ಸನ್ ಮತ್ತು ಶಿಲ್ಪಿ ಅಬ್ರಾಮ್ ಬೆಲ್ಸ್ಕಿ ರೂಪಿಸಿದ ಈ ನಾರ್ಮಾ ಯಾವ ಹೆಣ್ಣಿನ ಪ್ರತಿರೂಪವೂ ಆಗಿರಲಿಲ್ಲ. ಸುಮಾರು 15,000 ಯುವತಿಯರ ಅಳತೆಗಳನ್ನು ಕೂಡಿ ಭಾಗಿಸಿ ತೆಗೆದ ಸರಾಸರಿ, ಅಷ್ಟೆ. 3,800ಕ್ಕೂ ಹೆಚ್ಚು ಮಂದಿ ತಮ್ಮ ಮೈಯಳತೆ ಕಳಿಸಿದರು. ಒಂಬತ್ತೂ ಹೊಂದಿದವಳು ಒಬ್ಬಳೂ ಸಿಗಲಿಲ್ಲ. ಐದು ಹೊಂದಿದವರೇ ನಲವತ್ತಕ್ಕಿಂತ ಕಡಿಮೆ. ಕೊನೆಗೆ, ಸ್ವಲ್ಪ ಹತ್ತಿರ ಬಂದ, ಥಿಯೇಟರಿನಲ್ಲಿ ಟಿಕೆಟ್ ಕೊಡುತ್ತಿದ್ದ ಯುವತಿಯೊಬ್ಬಳಿಗೆ ಬಹುಮಾನ ಕೊಟ್ಟು ಮುಗಿಸಿದರು.

ಇಷ್ಟಾದ ಮೇಲೆ ಅನುಮಾನ ಪಡಬೇಕಿದ್ದದ್ದು ಪ್ರತಿಮೆಯನ್ನು. ತಿಳಿದವರೆನಿಸಿಕೊಂಡ ಹಲವರು ಅನುಮಾನಪಟ್ಟದ್ದು ಹೆಂಗಸರನ್ನು: ಇವರ ಮೈಕಟ್ಟೇ ಸರಿಯಿಲ್ಲ, ಆರೋಗ್ಯವೂ ಸಾಲದು ಎಂದರು.

ನಾರ್ಮಾಳ ಅಳತೆಗಳ ಮೂಲ ಮಾತ್ರ ತೀರಾ ವ್ಯಾವಹಾರಿಕವಾದದ್ದು. ಕ್ಯಾಟಲಾಗ್ ನೋಡಿ ತರಿಸಿಕೊಂಡ ರೆಡಿಮೇಡ್ ಉಡುಪು ಮೈಗೆ ಕೂರದೆ ಅಂಗಡಿಗೆ ವಾಪಸಾಗುತ್ತಿತ್ತು, ವ್ಯಾಪಾರಿಗಳಿಗೆ ನಷ್ಟ. ಹಾಗಾಗಿ 1939–40ರಲ್ಲಿ ಅಮೆರಿಕದ ಕೃಷಿ ಇಲಾಖೆಯ ರೂತ್ ಓಬ್ರಿಯನ್ ಮತ್ತು ವಿಲಿಯಂ ಶೆಲ್ಟನ್ ಒಬ್ಬೊಬ್ಬ ಹೆಂಗಸಿಗೂ 59 ಕಡೆ ಟೇಪು ಹಿಡಿಸಿದರು. ಲೆಕ್ಕಕ್ಕೆ ಸೇರಿಸಿಕೊಂಡದ್ದು ಬಿಳಿಯರನ್ನಷ್ಟೇ. ಈ ಬುನಾದಿಯ ಮೇಲೆ 1958ರಲ್ಲಿ 8ರಿಂದ 38ರವರೆಗಿನ ಸರ್ಕಾರಿ ಸೈಜುಗಳು ಬಂದವು. ಆದರೆ ಚೀಟಿಯ ಮೇಲಿನ ಅಂಕಿ ಚಿಕ್ಕದಿದ್ದರೆ ಕೊಳ್ಳುವವಳ ಮುಖ ಅರಳುತ್ತದೆ ಎಂಬುದನ್ನು ಕಂಪನಿಗಳು ಬೇಗ ಕಂಡುಕೊಂಡವು. ಉಡುಪು ಹಿಗ್ಗಿತು, ಅಂಕಿ ಕುಗ್ಗಿತು. 31 ಇಂಚು ಎದೆಯವಳಿಗೆ 1958ರಲ್ಲಿ 8ನೇ ಸೈಜು. ಇಂದು ಸೊನ್ನೆಯ ಆಸುಪಾಸು. 1983ರಲ್ಲಿ ಸರ್ಕಾರ ಆ ಪಟ್ಟಿಯನ್ನೇ ಕೈಬಿಟ್ಟಿತು. ಟ್ರಯಲ್ ರೂಮಿನಲ್ಲಿ ಜಿಪ್ ಏರದಿದ್ದಾಗ ಕಣ್ಣೀರು ಹಾಕಿದವರಿಗೆ ಇದನ್ನು ಯಾರೂ ಹೇಳಲಿಲ್ಲ.

ನಮ್ಮಲ್ಲಿ ಸೀರೆಗೆ ಸೈಜಿಲ್ಲ. ರವಿಕೆಗೆ ಟೈಲರ್ ಕೇಳುವುದು ಅಳತೆ ಬ್ಲೌಸು. ಮೈ ತುಂಬಿದರೆ ಒಳಗೆ ಬಿಟ್ಟ ಬಟ್ಟೆಯ ಹೊಲಿಗೆ ಬಿಚ್ಚಿದರಾಯಿತು. ಡುಮ್ಮಿ, ಕಡ್ಡಿ ಎಂದು ಆಡಿಕೊಳ್ಳುವವರು ಆಗಲೂ ಇದ್ದರು, ಮದುವೆಮನೆಯಲ್ಲಂತೂ ಧಾರಾಳವಾಗಿ. ಆದರೆ ಆ ಮಾತಿನ ಬೆನ್ನಿಗೆ ಯಾವ ಅಂಕಿಯೂ ಇರಲಿಲ್ಲ. ರೆಡಿಮೇಡ್ ಕುರ್ತಾ, ಜೀನ್ಸುಗಳ ಜೊತೆ ಅದೂ ಬಂತು.

ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೆಣ್ಣುಮಕ್ಕಳು ಪರದೇಶದ ಸೈಜು ಚೀಟಿಗಳನ್ನು ದಶಕಗಳಿಂದ ಹೊಲಿಯುತ್ತಿದ್ದಾರೆ. ಅವರ ಮೈಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಯೋಜನೆ ಪ್ರಕಟವಾದದ್ದು 2018ರಲ್ಲಿ: ಫ್ಯಾಷನ್ ಶಿಕ್ಷಣ ಸಂಸ್ಥೆಯಾದ ನಿಫ್ಟ್‌ನ ‘ಇಂಡಿಯಾಸೈಜ್’, 15ರಿಂದ 65 ವಯಸ್ಸಿನ 25,000 ಮಂದಿಯನ್ನು ಅಳೆಯುವ ಸಮೀಕ್ಷೆ. ಅಲ್ಲಿಯವರೆಗೆ ಇಲ್ಲಿನ ಅಂಗಡಿಗಳಲ್ಲಿ ನೇತಾಡುತ್ತಿದ್ದ ಸೈಜುಗಳು ಬಹುಪಾಲು ಅಮೆರಿಕ, ಬ್ರಿಟನ್ನಿನ ಪಟ್ಟಿಗಳನ್ನೇ ಅಷ್ಟಿಷ್ಟು ತಿದ್ದಿ ಮಾಡಿಕೊಂಡವು.