ಗುಲಾಮರ ಹಡಗಿನ ಕಪ್ತಾನ ಬರೆದ ಹಾಡು



‘ಅಮೇಜಿಂಗ್ ಗ್ರೇಸ್’ ಹಾಡನ್ನು ನೀವು ಎಲ್ಲಾದರೂ ಕೇಳಿಯೇ ಇರುತ್ತೀರಿ. ಬರೆದವನು ಯಾರು ಗೊತ್ತೇ? ಆಫ್ರಿಕಾದ ಜನರನ್ನು ಸರಪಳಿ ಬಿಗಿದು ಸಾಗಿಸಿ ಮಾರುತ್ತಿದ್ದ ಹಡಗಿನ ಕಪ್ತಾನ, ಇಂಗ್ಲೆಂಡಿನ ಜಾನ್ ನ್ಯೂಟನ್!

1748ರಲ್ಲಿ ಅವನಿದ್ದ ಹಡಗು ಅಟ್ಲಾಂಟಿಕ್ ಸಾಗರದಲ್ಲಿ ಬಿರುಗಾಳಿಗೆ ಸಿಕ್ಕಿ ಮುಳುಗುವುದರಲ್ಲಿತ್ತು. ಅದುವರೆಗೆ ದೇವರನ್ನು ಗೇಲಿ ಮಾಡುತ್ತಿದ್ದವನು ಅಂದು ದೇವರಿಗೇ ಮೊರೆಯಿಟ್ಟ. ಬದುಕಿ ಉಳಿದ. ಕೂಡಲೇ ಒಳ್ಳೆಯವನಾದ ಎಂದುಕೊಂಡಿರಾ? ಇಲ್ಲ. ಪ್ರಾರ್ಥನೆ ಮಾಡುತ್ತಲೇ 1754ರವರೆಗೂ ಗುಲಾಮರನ್ನು ಸಾಗಿಸಿದ. ಕೊನೆಗೆ ಹಡಗು ಬಿಡಿಸಿದ್ದೂ ಮನಸ್ಸಾಕ್ಷಿಯಲ್ಲ, ಕಾಯಿಲೆ.

1764ರಲ್ಲಿ ಪಾದ್ರಿಯಾದ. 1785ರಲ್ಲಿ ರಾಜಕೀಯ ಬಿಡಬೇಕೇ ಎಂದು ಕೇಳಲು ಬಂದ ಯುವ ಸಂಸದ ವಿಲಿಯಂ ವಿಲ್ಬರ್‌ಫೋರ್ಸ್‌ಗೆ, ಸಂಸತ್ತಿನಲ್ಲೇ ಉಳಿ ಎಂದು ಬುದ್ಧಿ ಹೇಳಿದ. 1788ರಲ್ಲಿ ತನ್ನ ತಪ್ಪನ್ನು ಒಪ್ಪಿಕೊಂಡು, ಆ ವ್ಯಾಪಾರದ ಕ್ರೌರ್ಯವನ್ನು ಪುಸ್ತಿಕೆಯೊಂದರಲ್ಲಿ ಬಯಲಿಗೆಳೆದ. ಹಡಗಿನ ಒಳಗನ್ನು ಕಣ್ಣಾರೆ ಕಂಡವನ ಮಾತು, ತಳ್ಳಿಹಾಕುವುದು ಸುಲಭವಿರಲಿಲ್ಲ. ವಿಲ್ಬರ್‌ಫೋರ್ಸ್ ಹೋರಾಟ ಫಲಿಸಿ, 1807ರ ಮಾರ್ಚ್‌ನಲ್ಲಿ ಬ್ರಿಟನ್ ಗುಲಾಮರ ವ್ಯಾಪಾರವನ್ನು ನಿಷೇಧಿಸಿತು. ಅದೇ ಡಿಸೆಂಬರ್‌ನಲ್ಲಿ ನ್ಯೂಟನ್ ತೀರಿಕೊಂಡ.

ಅವನು ಮಾರಿದವರ ನೋವು ಇದರಿಂದ ಅಳಿಯಲಿಲ್ಲ. ಆದರೂ ದೇವರು ತನ್ನ ಕೆಲಸಕ್ಕೆ ಕಳಂಕವಿಲ್ಲದವನೇ ಬರಲಿ ಎಂದು ಕಾಯುತ್ತಾ ಕೂರಲಿಲ್ಲ. ಮುಂದಿನ ಸಲ ಆ ಹಾಡು ಕಿವಿಗೆ ಬಿದ್ದಾಗ ಇದು ನೆನಪಿರಲಿ.